ಅಟ್ಟುವ ನಾಯಿ, ಅಂಗಳದ ಕೋಳಿ: ಒಂದೇ ಮನೆಯಲ್ಲಿ ಎರಡನ್ನೂ ಸಾಕುವುದು ಹೇಗೆ?

ಜರ್ಮನ್ ಶೆಫರ್ಡ್ ಮರಿಯನ್ನೋ ಬಾರ್ಡರ್ ಕೋಲಿ ಮರಿಯನ್ನೋ ತರೋಣ ಎಂದು ಮಕ್ಕಳು ಹಟ ಹಿಡಿದ ಕೂಡಲೇ ಉಡುಪಿ ಕಡೆಯ ತೋಟದ ಮನೆಗಳಲ್ಲಿ ದೊಡ್ಡವರು ಕೇಳುವ ಮೊದಲ ಪ್ರಶ್ನೆ, "ಅದು ಕೋಳಿ ಹಿಡೀತದಾ?" ಕೇಳಲೇಬೇಕಾದ ಪ್ರಶ್ನೆ. ಬ್ರಹ್ಮಾವರ, ಕಾಪು, ಕಾರ್ಕಳದ ಕಡೆ ಊರಕೋಳಿ ಗೂಡಿನಲ್ಲಿರುವುದು ರಾತ್ರಿ ಮಾತ್ರ. ಹಗಲಿಡೀ ಅದು ಅಂಗಳದಲ್ಲಿ, ಹಟ್ಟಿಯ ಹಿಂದೆ, ಗೊಬ್ಬರದ ಗುಂಡಿಯ ಸುತ್ತ, ಅಡಿಕೆ ಬುಡದಲ್ಲಿ ಕೆದಕುತ್ತಾ ತಿರುಗುತ್ತದೆ. ನಾಯಿಯೂ ಅದೇ ಅಂಗಳದ್ದು.

ನನ್ನ ಉತ್ತರ ಇಷ್ಟು. ಹಾಗೇ ಬಿಟ್ಟರೆ ಅಟ್ಟುತ್ತದೆ, ಒಂದು ದಿನ ಹಿಡಿಯುತ್ತದೆ. ಬೇಲಿ ಕಟ್ಟಿ, ತಾಳ್ಮೆಯಿಂದ ಕಲಿಸಿ, ಬೇರೆ ಕೆಲಸ ಕೊಟ್ಟರೆ ಹೆಚ್ಚಿನ ನಾಯಿಗಳು ಕೋಳಿಯನ್ನು ಕಂಡೂ ಕಾಣದಂತೆ ಇರಲು ಕಲಿಯುತ್ತವೆ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ಸಾಲುವುದಿಲ್ಲ.

ನಾಯಿಯ ಕಸುಬು ಯಾವುದು?

ಕುರಿಮಂದೆಯ ಜೊತೆ ದುಡಿಯುವ ನಾಯಿಗಳಲ್ಲಿ ಎರಡು ಬಗೆ. ಕಾಶ್ಮೀರದ ಕಡೆಯ ಬಖರ್ವಾಲ್ ನಾಯಿಯಂಥವು ಕಾವಲಿನವು. ಮರಿಯಿಂದಲೇ ಮಂದೆಯ ನಡುವೆ ಬೆಳೆದು, ಹೊರಗಿನ ಪ್ರಾಣಿ ಬಂದರೆ ಎದುರು ನಿಲ್ಲುತ್ತವೆ. ಇನ್ನೊಂದು ಬಗೆ ಮಂದೆಯನ್ನು ಅಟ್ಟಿ, ತಿರುಗಿಸಿ, ಒಟ್ಟು ಮಾಡುವಂಥವು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಿಂದ ಬಂದ ಬಾರ್ಡರ್ ಕೋಲಿ ಈ ಎರಡನೆಯ ಬಗೆಯದು. ಪೊಲೀಸ್ ನಾಯಿಯೆಂದೇ ನಮಗೆ ಗೊತ್ತಿರುವ ಜರ್ಮನ್ ಶೆಫರ್ಡ್ ಕೂಡ ಮೂಲದಲ್ಲಿ ಕುರಿಯ ನಾಯಿ. ಮಾಜಿ ಸೇನಾಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್ 1899ರಲ್ಲಿ ಜರ್ಮನಿಯ ಕುರಿ ನಾಯಿಗಳಿಂದಲೇ ಆ ತಳಿಗೆ ರೂಪ ಕೊಟ್ಟರು. ನಮ್ಮ ಮುಧೋಳ ನಾಯಿ ಇವೆರಡೂ ಅಲ್ಲ, ಅದು ಬೇಟೆಯದು. ಅದನ್ನು ಬಿಟ್ಟಿರುವ ಅಂಗಳಕ್ಕೆ ಕೋಳಿಯನ್ನು ಬಿಡದಿರುವುದೇ ಒಳ್ಳೆಯದು.

ಬೇಟೆಯಾಡುವ ಪ್ರಾಣಿ ಮೊದಲು ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಆಮೇಲೆ ಕಚ್ಚಿ ಕೊಲ್ಲುತ್ತದೆ. ಕುರಿಗಾಹಿಗಳು ತಲೆಮಾರುಗಳಿಂದ ಆರಿಸಿ ಆರಿಸಿ ಈ ಸರಣಿಯ ಮೊದಲ ಮೂರನ್ನು ಹರಿತಗೊಳಿಸಿ, ಕೊನೆಯದನ್ನು ತಗ್ಗಿಸಿದ್ದಾರೆ. ತಗ್ಗಿಸಿದ್ದಾರೆ ಅಷ್ಟೇ, ಅದು ಪೂರ್ತಿ ಹೋಗಿಲ್ಲ. ಇಲ್ಲಿ ಕೋಳಿಯ ಸ್ವಭಾವವೂ ಸೇರಿಕೊಳ್ಳುತ್ತದೆ. ಕುರಿ ಹೆದರಿದರೆ ಗುಂಪಾಗುತ್ತದೆ, ನಾಯಿಯ ಕೆಲಸ ಮುಗಿಯುತ್ತದೆ. ಕೋಳಿ ಹೆದರಿದರೆ ದಿಕ್ಕಾಪಾಲಾಗುತ್ತದೆ, ರೆಕ್ಕೆ ಬಡಿಯುತ್ತದೆ, ಕೂಗುತ್ತದೆ. ಒಟ್ಟು ಮಾಡಲಾಗದೆ ನಾಯಿಯ ಉದ್ವೇಗ ಏರುತ್ತದೆ, ಬಾಯಿ ಮುಂದೆ ಬರುತ್ತದೆ. ವಿದೇಶಗಳಲ್ಲಿ ಬಾರ್ಡರ್ ಕೋಲಿ ಮರಿಗಳಿಗೆ ಬಾತುಕೋಳಿಗಳ ಜೊತೆ ಅಭ್ಯಾಸ ಮಾಡಿಸುವುದುಂಟು. ಬಾತುಗಳು ಕುರಿಗಳಂತೆ ಒಟ್ಟಿಗೆ ನಡೆಯುತ್ತವೆ ಎಂಬುದೇ ಕಾರಣ. ಹಾಗಾಗಿ "ಸಂಜೆ ನಾಯಿಯೇ ಕೋಳಿಗಳನ್ನು ಗೂಡಿಗೆ ಅಟ್ಟಲಿ" ಎಂಬ ಆಸೆ ಬೇಡ. ಮರಿ ಕೋಳಿಯ ಹಿಂದೆ ಓಡುವಾಗ ಮನೆಮಂದಿ ನಕ್ಕು ವಿಡಿಯೋ ಮಾಡಿಕೊಳ್ಳುವುದಂತೂ ಬೇಡವೇ ಬೇಡ. ಆ ನಗುವೇ ಅದಕ್ಕೆ ಬಹುಮಾನ.

ಬೇಲಿ ಮೊದಲು, ನಾಯಿ ಆಮೇಲೆ

ಮರಿ ಮನೆಗೆ ಬರುವ ಮುಂಚೆಯೇ ಗೂಡನ್ನು ಭದ್ರ ಮಾಡಿ. ಷಟ್ಕೋನದ ತೆಳು ತಂತಿಯ ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ, ಉಗುರು ಹಾಕಿ ಜಗ್ಗಿದರೆ ಹರಿಯುತ್ತದೆ. ಕೆಳಗಿನ ಮೂರು ಅಡಿಗಾದರೂ ವೆಲ್ಡ್ ಮೆಶ್ ಹಾಕಿಸಿ. ಬುಡದಲ್ಲಿ ಒಂದು ಸಾಲು ಕೆಂಪುಕಲ್ಲು ಇಟ್ಟರೆ ನಾಯಿ ಮಣ್ಣು ತೋಡಿ ನುಗ್ಗುವುದೂ ತಪ್ಪುತ್ತದೆ, ಮುಂಗುಸಿಯ ಕಾಟವೂ ಕಡಿಮೆಯಾಗುತ್ತದೆ. ಅಡಿಕೆ ದಬ್ಬೆಯ ಬೇಲಿ ಕಟ್ಟುವುದಾದರೆ ಸಂದು ಕಿರಿದಾಗಿರಲಿ. ಕರಾವಳಿಯಲ್ಲಿ ಹಳೆಯ ಮೀನುಬಲೆಯನ್ನೇ ಬೇಲಿಗೆ ಕಟ್ಟುವ ರೂಢಿಯಿದೆ. ಹದ್ದು, ಗಿಡುಗ ಬರದಂತೆ ಮೇಲೆ ಹೊದಿಸಲು ಅದು ಒಳ್ಳೆಯದು. ನಾಯಿಗೆ ಎಟಕುವ ಎತ್ತರದಲ್ಲಿ ಬೇಡ: ಮೀನಿನ ವಾಸನೆಗೆ ಅದನ್ನು ಜಗಿಯುತ್ತದೆ, ಕಾಲು ಸಿಕ್ಕಿಸಿಕೊಳ್ಳುತ್ತದೆ.

ಜಾಗದ ಜೊತೆಗೆ ಹೊತ್ತನ್ನೂ ಹಂಚಿ. ಇದು ಸುಲಭ, ಏಕೆಂದರೆ ಕೋಳಿಗೆ ಅದರದೇ ಗಡಿಯಾರವಿದೆ. ಹೇಂಟೆಗಳು ಹೆಚ್ಚಾಗಿ ಬೆಳಗ್ಗಿನ ಹೊತ್ತಿನಲ್ಲಿ ಮೊಟ್ಟೆಯಿಡುತ್ತವೆ, ಮುಸ್ಸಂಜೆಗೆ ತಾವೇ ಗೂಡು ಸೇರುತ್ತವೆ. ನಸುಕಿನಲ್ಲಿ ಕೋಳಿ ಬಿಡುವ ಮುಂಚೆ ನಾಯಿಗೆ ಅಂಗಳ, ಹಗಲು ಕೋಳಿಗೆ, ಗೂಡಿನ ಬಾಗಿಲು ಹಾಕಿದ ಮೇಲೆ ಮತ್ತೆ ನಾಯಿಗೆ. ಕಾರ್ಕಳ, ಹೆಬ್ರಿಯಂತೆ ಕಾಡಂಚಿನ ಊರುಗಳಲ್ಲಿ ರಾತ್ರಿ ನಾಯಿಯನ್ನು ಹೊರಗೆ ಕಟ್ಟಿಹಾಕಬೇಡಿ. ಚಿರತೆಗೆ ಕೋಳಿಗಿಂತ ನಾಯಿಯೇ ಇಷ್ಟ, ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಕಾಲಿಗೆ ಹಗ್ಗ ಕಟ್ಟಿ ಅಂಗಳದ ಮೂಲೆಯಲ್ಲಿ ಹುಂಜ ಸಾಕುವವರು ಇನ್ನೂ ಎಚ್ಚರದಿಂದಿರಬೇಕು. ಓಡಲಾಗದ ಹುಂಜ ನಾಯಿಯನ್ನು ಕಂಡರೆ ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ಅದಕ್ಕೆ ಪೂರ್ತಿ ಬೇರೆ ಕೋಣೆಯೇ ಬೇಕು.

ಕಲಿಸುವ ಕ್ರಮ

ಮೊದಲ ಹಂತ ಕೋಳಿಯೇ ಇಲ್ಲದ ಕಡೆ, ಮನೆಯೊಳಗೆ. ಹೆಸರು ಕರೆದರೆ ತಿರುಗುವುದು, 'ಬಾ', 'ಮಲಗು', 'ಬಿಡು', ಇಷ್ಟು ಗಟ್ಟಿಯಾಗಬೇಕು. ಅಪ್ಪ ಕನ್ನಡದಲ್ಲಿ, ಅಜ್ಜಿ ತುಳುವಿನಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ ಆಜ್ಞೆ ಕೊಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾವ ಭಾಷೆಯಾದರೂ ಆಗಬಹುದು, ಮನೆಮಂದಿಯೆಲ್ಲ ಒಂದೇ ಪದ ಬಳಸಿ. 'ಬಿಡು' ಕಲಿಸಲು ತಿಂಡಿಯ ತುಣುಕನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಿರಿ. ನಾಯಿ ಮೂಸುತ್ತದೆ, ನೆಕ್ಕುತ್ತದೆ, ಸುಮ್ಮನಿರಿ. ಮೂತಿ ಹಿಂದೆ ತೆಗೆದ ಆ ಕ್ಷಣ 'ಬಿಡು' ಎಂದು ಹೇಳಿ, ಇನ್ನೊಂದು ಕೈಯಿಂದ ಬೇರೆ ತುಣುಕು ಕೊಡಿ. ಬಹುಮಾನಕ್ಕೆ ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ ಸಾಕು, ಕಡಲೆಕಾಳಿನಷ್ಟು ಗಾತ್ರ. ಒಣಮೀನು ಬೇಡ, ಉಪ್ಪು ವಿಪರೀತ.

ಎರಡನೇ ಹಂತದಲ್ಲಿ ಕೋಳಿಗಳು ಬಲೆಯೊಳಗೆ, ನಾಯಿ ಹಗ್ಗದಲ್ಲಿ, ನಡುವೆ ದೂರ. ಕೋಳಿ ಕಣ್ಣಿಗೆ ಬೀಳಬೇಕು, ಆದರೆ ನಿಮ್ಮ ಮಾತು ಇನ್ನೂ ಕಿವಿಗೆ ಹೋಗಬೇಕು, ಅಷ್ಟು ದೂರ. ಕೆಲವು ನಾಯಿಗೆ ಅದು ಹತ್ತು ಮೀಟರ್, ಕೆಲವಕ್ಕೆ ತೋಟದ ಆಚೆ ತುದಿ. ನಾಯಿ ಕೋಳಿಯನ್ನು ನೋಡಿ, ತಾನಾಗಿ ನಿಮ್ಮತ್ತ ತಿರುಗಿದಾಗ ಬಹುಮಾನ. ಹಗ್ಗ ಜಗ್ಗಿ ತಿರುಗಿಸಿದರೆ ಅದು ಏನನ್ನೂ ಕಲಿಯುವುದಿಲ್ಲ.

ಇಲ್ಲಿ ನೀವು ಓದಬೇಕಾದದ್ದು ನಾಯಿಯ ಮೈ. ತಲೆ ಬೆನ್ನಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಕಣ್ಣು ಮಿಟುಕುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ, ಮುಂಗಾಲೊಂದು ಗಾಳಿಯಲ್ಲೇ ನಿಲ್ಲುತ್ತದೆ. ಬಾರ್ಡರ್ ಕೋಲಿಯಲ್ಲಿ ಇದು ಸ್ಪಷ್ಟ. ಜರ್ಮನ್ ಶೆಫರ್ಡ್ ನೆಟ್ಟಗೆ ನಿಂತೇ ಕುಂಯ್‌ಗುಡುತ್ತದೆ, ಬೇಲಿಯ ಉದ್ದಕ್ಕೂ ಹಿಂದೆ ಮುಂದೆ ಓಡುತ್ತದೆ. ಇದು ಕಂಡರೆ ಮಾತು ಬೇಡ, ಶಾಂತವಾಗಿ ನಾಲ್ಕು ಹೆಜ್ಜೆ ಹಿಂದೆ ಕರೆದೊಯ್ಯಿರಿ. ಓಟ ಶುರುವಾದ ಮೇಲೆ ಕೂಗಿ ಪ್ರಯೋಜನವಿಲ್ಲ. ತಡೆಯಬೇಕಾದದ್ದು ಆ ದಿಟ್ಟಿಯನ್ನು. ಇದೊಂದನ್ನು ಗುರುತಿಸಲು ಮನೆಯ ಎಲ್ಲರೂ ಕಲಿತರೆ ಅರ್ಧ ಕೆಲಸ ಮುಗಿದಂತೆ. ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ನಾಯಿ ದಣಿದು ಬಂದ ಮೇಲೆ, ಕೋಳಿಗಳು ಭತ್ತವೋ ನುಚ್ಚೋ ಹೆಕ್ಕುತ್ತಾ ಶಾಂತವಾಗಿರುವಾಗ ಮಾಡಿ.

ಮೂರನೇ ಹಂತದಲ್ಲಿ ದಿನದಿಂದ ದಿನಕ್ಕೆ ದೂರ ತಗ್ಗಿಸಿ, ಬಲೆಯ ಪಕ್ಕದಲ್ಲೇ ನಾಯಿಯನ್ನು ಮಲಗಿಸಿ, ನೀವೂ ಪಕ್ಕದಲ್ಲಿ ಪೇಪರ್ ಓದುತ್ತಾ ಕೂತಿರಿ. ಏನೂ ಆಗದಿರುವುದೇ ಪಾಠ.

ನಾಲ್ಕನೇ ಹಂತಕ್ಕೆ ಇಬ್ಬರು ಬೇಕು, ಒಬ್ಬರು ನಾಯಿಗೆ, ಒಬ್ಬರು ಕೋಳಿಗೆ. ಎರಡು ಮೂರು ವಯಸ್ಸಾದ, ಗಾಬರಿಯಾಗದ ಹೇಂಟೆಗಳನ್ನು ಮಾತ್ರ ಹೊರಗೆ ಬಿಟ್ಟು, ಕಾಳು ಚೆಲ್ಲಿ. ನಾಯಿಗೆ ಎದೆಪಟ್ಟಿ ತೊಡಿಸಿ ಹತ್ತು ಮೀಟರಿನ ಹಗ್ಗ ಕಟ್ಟಿ. ಕುತ್ತಿಗೆಯ ಬೆಲ್ಟಿಗೆ ಉದ್ದ ಹಗ್ಗ ಕಟ್ಟಿದರೆ ಓಡಿದ ರಭಸಕ್ಕೆ ಕತ್ತು ನೋಯುತ್ತದೆ. ಕೋಳಿಯೊಂದು ಕಟ್ಟೆಯಿಂದ ರೆಕ್ಕೆ ಬಡಿದು ಕೆಳಗೆ ಹಾರಿದಾಗಲೂ ನಾಯಿ ನಿಮ್ಮತ್ತ ತಿರುಗುತ್ತದೆ ಎಂಬ ನಂಬಿಕೆ ಬಂದ ಮೇಲೆ ಹಗ್ಗವನ್ನು ನೆಲಕ್ಕೆ ಬಿಡಿ, ಬಿಚ್ಚಬೇಡಿ. ಅದೂ ವಾರಗಟ್ಟಲೆ ಸರಿಯಾದರೆ ಬಿಚ್ಚಿ, ನೀವು ಅಂಗಳದಲ್ಲಿರುವಾಗ ಮಾತ್ರ. ಇದರಾಚೆಗೆ ಇನ್ನೊಂದು ಹಂತವಿಲ್ಲ. ಯಾರೂ ಇಲ್ಲದ ಅಂಗಳದಲ್ಲಿ ನಾಯಿ ಮತ್ತು ಕೋಳಿಯನ್ನು ಒಟ್ಟಿಗೆ ಬಿಡುವ ದಿನ ಬರಲೇಬೇಕೆಂದು ಕಾಯಬೇಡಿ.

ಹೊಡೆಯಬೇಡಿ. ಸತ್ತ ಕೋಳಿಯನ್ನು ಕುತ್ತಿಗೆಗೆ ಕಟ್ಟಿದರೆ ಬುದ್ಧಿ ಬರುತ್ತದೆ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ತಾನು ಮಾಡಿದ್ದಕ್ಕೂ ಕುತ್ತಿಗೆಯಲ್ಲಿ ಕೊಳೆಯುತ್ತಿರುವುದಕ್ಕೂ ಇರುವ ಸಂಬಂಧ ನಾಯಿಗೆ ತಿಳಿಯುವುದಿಲ್ಲ, ಅದು ಬರೀ ಹಿಂಸೆ.

ಆರು ತಿಂಗಳ ಮೇಲೆ ಮತ್ತೆ ಎಚ್ಚರ

ನಾಯಿಮರಿ ಲೋಕವನ್ನು ಒಪ್ಪಿಕೊಳ್ಳುವ ವಯಸ್ಸು ಹೆಚ್ಚುಕಡಿಮೆ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ. ಎಂಟು ವಾರಕ್ಕೆ ಮನೆಗೆ ಬಂದ ಮರಿ ಬಲೆಯ ಈಚೆಯಿಂದ ದಿನಾ ಕೋಳಿಯನ್ನು ನೋಡುತ್ತಿದ್ದರೆ ಅದಕ್ಕೆ ಕೋಳಿ ಹೊಸ ವಸ್ತುವಾಗಿ ಉಳಿಯುವುದಿಲ್ಲ. ಆದರೆ ಮೂರು ತಿಂಗಳ ಮರಿ ಸಾಧುವಾಗಿದೆ ಎಂದು ನಿಶ್ಚಿಂತೆಯಿಂದಿರಬೇಡಿ. ಅಟ್ಟುವ ಗುಣ ಅನೇಕ ನಾಯಿಗಳಲ್ಲಿ ಎಚ್ಚೆತ್ತುಕೊಳ್ಳುವುದು ಆರರಿಂದ ಹದಿನೆಂಟು ತಿಂಗಳ ನಡುವೆ. ಹಗ್ಗವನ್ನು ಮೂಲೆಗೆಸೆದ ಮನೆಗಳಲ್ಲಿ ಅನಾಹುತವಾಗುವುದು ಆಗಲೇ.

ಕೋಳಿಯ ಕಡೆಯಿಂದ

"ಕಚ್ಚಲಿಲ್ಲವಲ್ಲ, ಬರೀ ಅಟ್ಟಿತು" ಎನ್ನುವವರಿಗೆ ಒಂದು ಮಾತು. ಕೋಳಿಗೆ ಬೆವರಿನ ಗ್ರಂಥಿಯಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಮಧ್ಯಾಹ್ನ ಅಟ್ಟಿಸಿಕೊಂಡ ಕೋಳಿ ಗಾಯವಿಲ್ಲದೆಯೂ ಸಾಯಬಹುದು. ಗಿರಿರಾಜದಂಥ ಭಾರದ ಕೋಳಿಗಳಿಗೆ ಓಡುವುದೂ ಕಷ್ಟ. ಪದೇ ಪದೇ ಹೆದರಿದ ಹೇಂಟೆ ಮೊಟ್ಟೆ ಕಡಿಮೆ ಮಾಡುತ್ತದೆ, ಗೂಡಿನ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುವುದೂ ಉಂಟು. ಮರಿಗಳಿರುವ ತಾಯಿಕೋಳಿಯ ಹತ್ತಿರ ಎಷ್ಟೇ ಕಲಿತ ನಾಯಿಯನ್ನೂ ಬಿಡಬೇಡಿ. ಚಿಂವ್ ಚಿಂವ್ ಸದ್ದು ನಾಯಿಯನ್ನು ಸೆಳೆಯುತ್ತದೆ, ತಾಯಿ ನೇರ ಮುಖಕ್ಕೇ ಹಾರುತ್ತದೆ. ನಾಯಿಯ ಕಣ್ಣಿಗೂ ಅಪಾಯ.

ತಂಬಿಲ, ಹಬ್ಬ ಎಂದು ಮನೆಯಲ್ಲಿ ಕೋಳಿ ಕೊಯ್ಯುವ ದಿನ ನಾಯಿಯನ್ನು ಒಳಕೋಣೆಯಲ್ಲಿ ಹಾಕಿ, ಕರುಳು, ಪುಕ್ಕ ಹೂತುಬಿಡಿ. ಬೇಯಿಸಿದ ಕೋಳಿ ಎಲುಬನ್ನು ಹಾಕಲೇಬೇಡಿ. ಅದು ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಮಳೆಗಾಲದ ಕೆಲಸ

ಕೆಲಸವಿಲ್ಲದ ಕುರಿನಾಯಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಅಂಗಳದಲ್ಲಿ ಸಿಗುವ ಕೆಲಸ ಕೋಳಿಯೇ. ಬೇಸಿಗೆಯಲ್ಲಿ ನಸುಕಿಗೆ ಕಾಪುವಿನದೋ ಪಣಂಬೂರಿನದೋ ಕಡಲತೀರದಲ್ಲಿ ಓಡಿಸಬಹುದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡುವುದು? ಆಗ ಮೂಗಿಗೆ ಕೆಲಸ ಕೊಡಿ. ಜಗಲಿಯಲ್ಲಿ ಏಳೆಂಟು ಗೆರಟೆ ಕವುಚಿಟ್ಟು ಒಂದೆರಡರ ಕೆಳಗೆ ಮೀನಿನ ತುಣುಕು ಅಡಗಿಸಿ, ಹುಡುಕಲು ಹೇಳಿ. ಮನೆಯವರ ಚಪ್ಪಲಿಯನ್ನು ಹೆಸರು ಹೇಳಿ ತರಿಸಿ. ಕಾಲು ಗಂಟೆಯ ಇಂಥ ಹುಡುಕಾಟ ಬಾರ್ಡರ್ ಕೋಲಿಯನ್ನೂ ದಣಿಸುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಹೊರಗೆ ಕರೆದೊಯ್ದರೆ, ಬಂದ ಮೇಲೆ ಒಳಗೂದಲಿನವರೆಗೆ ಒರೆಸಿ.

ಕೋಳಿಗೂಡಿಗೆ ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಮೂತ್ರದಿಂದ ನಾಯಿಗೂ ಮನುಷ್ಯರಿಗೂ ಇಲಿಜ್ವರ. ರೇಬಿಸ್ ಲಸಿಕೆಯ ಜೊತೆಗೆ ಇದರ ಲಸಿಕೆಯನ್ನೂ ಪ್ರತಿವರ್ಷ ತಪ್ಪದೆ ಹಾಕಿಸಿ. ಇಲಿಗೆಂದು ವಿಷ ಇಡಬೇಡಿ, ನಾಯಿ ಅದನ್ನೂ ತಿನ್ನುತ್ತದೆ, ವಿಷ ತಿಂದ ಇಲಿಯನ್ನೂ ತಿನ್ನುತ್ತದೆ. ದನಕ್ಕೆಂದು ತಂದ ಐವರ್ಮೆಕ್ಟಿನ್ ಹಟ್ಟಿಯಲ್ಲಿದ್ದರೆ ಉಣ್ಣೆ ಸಾಯಲೆಂದು ನಾಯಿಗೆ ಕೊಡಬೇಡಿ. ಕೋಲಿ ಬಳಗದ ಹಲವು ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷವಿರುತ್ತದೆ. ಅಂಥವುಗಳಿಗೆ ಈ ಔಷಧ ಮಿದುಳಿಗೇರಿ ಪ್ರಾಣಕ್ಕೆ ಕುತ್ತು ತರಬಹುದು. ಪಶುವೈದ್ಯರನ್ನು ಕೇಳಿಯೇ ಕೊಡಿ.

ಒಂದು ವೇಳೆ ಹಿಡಿದರೆ

ಕೂಗುತ್ತಾ ಓಡಬೇಡಿ, ನೀವೂ ಬೇಟೆಗೆ ಸೇರಿಕೊಂಡಿರಿ ಎಂದೇ ನಾಯಿ ತಿಳಿಯುತ್ತದೆ. ಹತ್ತಿರ ನಡೆದು 'ಬಿಡು' ಎಂದು ಹೇಳಿ, ಹಗ್ಗ ಹಾಕಿ ಒಳಗೆ ಬಿಡಿ. ಕೋಳಿಯನ್ನು ಕತ್ತಲಿರುವ ಬುಟ್ಟಿಯೊಳಗೆ ಕೂರಿಸಿ, ಗಾಬರಿ ಇಳಿದ ಮೇಲೆ ಪುಕ್ಕ ಸರಿಸಿ ಬೆನ್ನು, ರೆಕ್ಕೆಯ ಅಡಿ, ಬಾಲದ ಬುಡ ನೋಡಿ. ಹಲ್ಲಿನ ತೂತು ಚಿಕ್ಕದಾಗಿ ಕಂಡರೂ ಆಳವಾಗಿರುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಸಣ್ಣ ಚಮಚ ಉಪ್ಪು ಬೆರೆಸಿ ತೊಳೆಯಿರಿ, ಪೊವಿಡೋನ್ ಅಯೋಡಿನ್ ಹಚ್ಚಿ. ರಕ್ತ ಕಂಡರೆ ಉಳಿದ ಕೋಳಿಗಳು ಕುಕ್ಕುತ್ತವೆ, ಆದ್ದರಿಂದ ವಾಸಿಯಾಗುವವರೆಗೆ ಬೇರೆ ಇಡಿ. ಮಳೆಗಾಲದಲ್ಲಿ ನೊಣ ಕೂತು ಹುಳವಾಗದಂತೆ ಸೊಳ್ಳೆಪರದೆಯ ಬಟ್ಟೆ ಹೊದಿಸಿ. ಗಾಯ ಆಳವಾಗಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿ.

ಹಿಡಿದದ್ದು ನೆರೆಮನೆಯ ಕೋಳಿಯಾದರೆ ಅವರು ಬಂದು ಕೇಳುವವರೆಗೆ ಕಾಯದೆ ಅದೇ ದಿನ ಹೋಗಿ ಹೇಳಿ, ಬೆಲೆ ಕೊಡಿ. ಅವರ ಕೋಳಿಗಳು ನಿಮ್ಮ ಅಂಗಳಕ್ಕೆ ಯಾವ ಸಂದಿನಿಂದ ನುಸುಳುತ್ತಿದ್ದವು ಎಂದು ನೋಡಿ ಆ ಬೇಲಿ ಮುಚ್ಚಿ. ನಾಯಿ ಮಾರನೆಯ ದಿನದಿಂದ ಮತ್ತೆ ಹಗ್ಗದಲ್ಲಿರಲಿ, ತರಬೇತಿ ಮತ್ತೆ ಎರಡನೇ ಹಂತದಿಂದ ಶುರುವಾಗಲಿ. ಮತ್ತೆ ಮತ್ತೆ ಕೊಲ್ಲುವ ನಾಯಿಯನ್ನು ಊರಾಚೆ ಬಿಟ್ಟು ಬರಬೇಡಿ. ಅಂಥದಕ್ಕೆ ಆಳೆತ್ತರದ ಬೇಲಿಯ ಆಚೆ ತನ್ನದೇ ಓಡಾಟದ ಜಾಗ ಮಾಡಿಕೊಡಿ, ಕೋಳಿಯ ಅಂಗಳ ಅದಕ್ಕೆ ಕಾಣದಿರಲಿ.