ಕಪಾಟಿನಿಂದ ಹೊರಗೆ ಬಂದ ನಮ್ಮ ಮಾಸಪತ್ರಿಕೆ

ಚಾಮರಾಜಪೇಟೆಯ ನಮ್ಮ ಪುಟ್ಟ ಮಾಸಪತ್ರಿಕೆಯನ್ನು ಐಫೋನಿನಲ್ಲಿ ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದ ಕಪಾಟಾದ ನ್ಯೂಸ್‌ಸ್ಟ್ಯಾಂಡ್‌ನಿಂದ ತೆಗೆದು ಮೊಬೈಲಿನ ಬ್ರೌಸರಿಗೆ ತರುತ್ತೇನೆ ಎಂದು 2014ರಲ್ಲಿ ಹೇಳಿದಾಗ, ಸಂಪಾದಕರಿಂದ ಹಿಡಿದು ಪುಟ ಕಟ್ಟುವ ಹುಡುಗನವರೆಗೆ ಎಲ್ಲರೂ ಬೇಡವೆಂದು ತಲೆಯಾಡಿಸಿದರು. “ಮೊಬೈಲಿನ ಬ್ರೌಸರಿನಲ್ಲಿ ಓದುವುದಕ್ಕೆ ಯಾರು ಚಂದಾ ಕಟ್ಟುತ್ತಾರೆ?” ಎಂದರು. ಕಟ್ಟಿದರು.

ಆ ಕಪಾಟಿನ ಮಿತಿಗಳು ಒಂದೆರಡಲ್ಲ. ಐಫೋನನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಐಓಎಸ್ 7 ಬಂದ ಮೇಲೆ ಅದರ ಚಿಹ್ನೆಯಲ್ಲಿ ಮುಖಪುಟದ ತುಣುಕೂ ಕಾಣುತ್ತಿರಲಿಲ್ಲ. ಚಂದಾದಲ್ಲಿ ನೂರಕ್ಕೆ 30 ಆ್ಯಪಲ್‌ನ ಆ್ಯಪ್ ಅಂಗಡಿಯ ಪಾಲಾಗುತ್ತಿತ್ತು. ಓದುಗರು ಒಪ್ಪಿಗೆ ಕೊಡದಿದ್ದರೆ ಅವರ ಹೆಸರು, ವಿಳಾಸ ನಮ್ಮ ಕೈಗೆ ಬರುತ್ತಿರಲಿಲ್ಲ. ಚಂದಾದಾರ ಯಾರೆಂದೇ ತಿಳಿಯದೆ ಪತ್ರಿಕೆ ನಡೆಸುವುದು ನನಗೆ ಸಹಿಸಲಾಗದ ಸಂಗತಿ.

ನಮ್ಮ ತಪ್ಪೂ ಇತ್ತು. ಅಚ್ಚಿಗೆ ಹೋಗುವ ಪುಟಗಳನ್ನೇ ಚಿತ್ರ ಮಾಡಿ ತುಂಬಿಸಿದ್ದೆವು. ಒಂದು ಸಂಚಿಕೆ 70 ಎಂಬಿ ದಾಟುತ್ತಿತ್ತು. ಆ್ಯಪ್ ಮಾಡಿಸಲು ಸುಮಾರು 85,000 ರೂಪಾಯಿ, ಮೇಲೆ ಪ್ರತಿ ವರ್ಷ ಆ್ಯಪಲ್‌ಗೆ 99 ಡಾಲರ್ ಶುಲ್ಕ. ವರ್ಷದ ಕೊನೆಗೆ 140ರಷ್ಟು ಚಂದಾ. 120 ರೂಪಾಯಿಯಂತೆ, ಪಾಲು ಕಳೆದು ಉಳಿದದ್ದು 12,000ಕ್ಕೂ ಕಡಿಮೆ.

ನಾನು ಪುಟ ಬಿಟ್ಟು ಪಠ್ಯ ಹಿಡಿದೆ. ಹಳೆಯದೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ಎಲ್ಲ ಫೋನುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡಿಗೆ ಪರಿವರ್ತಿಸಿದಾಗ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಯಿತು, ‘ಧರ್ಮ’ ‘ಧಮರ್’ ಆಯಿತು. ಆ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಮೂರು ವಾರ ರಾತ್ರಿ ಎರಡರವರೆಗೆ ಕೂತು ಇದನ್ನು ಸರಿಪಡಿಸುವ ಪುಟ್ಟ ತಂತ್ರಾಂಶ ಬರೆದೆ. ದೀರ್ಘಸ್ವರ ಮತ್ತು ಒತ್ತಕ್ಷರ ಜೊತೆಯಾದಾಗ ಅದು ಏನು ಮಾಡುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ದುಡಿಮೆ.

ಸಂಚಿಕೆ ಒಂದೂವರೆ ಎಂಬಿಗೆ ಇಳಿಯಿತು. ತಿಂಗಳ ಮೊದಲ ದಿನ ಚಂದಾದಾರರ ಮೊಬೈಲಿಗೆ ಎಸ್‌ಎಂಎಸ್‌ನಲ್ಲಿ ಕೊಂಡಿ, ದುಡ್ಡು ನೇರ ಬ್ಯಾಂಕಿಗೆ ಅಥವಾ ಮನಿಯಾರ್ಡರಿನಲ್ಲಿ. ಮೊದಲ ಎರಡು ತಿಂಗಳು 30 ಜನ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಬದಲು ಬರೀ ಚೌಕಗಳು. ಅಂಥ ಫೋನಿನವರಿಗೆ ಹಣ ಮರಳಿಸಿದೆ. ವರ್ಷ ತುಂಬುವಾಗ ಚಂದಾದಾರರ ಸಂಖ್ಯೆ 900ರ ಹತ್ತಿರ ಬಂದಿತ್ತು. ಮುಳುಗಿದ 85,000 ಎದ್ದು ಬಂತು.

ನಡುವೆ ಒಂದು ಕಥೆಯನ್ನು ನನ್ನ ಅತ್ತಿಗೆಯಿಂದ ಓದಿಸಿ ಧ್ವನಿಮುದ್ರಿಕೆಯನ್ನೂ ಸೇರಿಸಿದೆ, ಸುಮಾರು 11 ನಿಮಿಷ. ಕಣ್ಣು ಮಂಜಾದ ಹಿರಿಯರು ಫೋನು ಮಾಡಿ ಇನ್ನೊಂದು ಯಾವಾಗ ಎಂದು ಕೇಳಿದರು. ಅತ್ತಿಗೆಗೆ ಬಿಡುವಾಗದೆ ಅದು ಅಲ್ಲಿಗೇ ನಿಂತಿದೆ.

2015ರ ಸೆಪ್ಟೆಂಬರಿನಲ್ಲಿ ಐಓಎಸ್ 9 ಬಂದು ಆ ಕಪಾಟೇ ಇಲ್ಲವಾದಾಗ ಸಂಪಾದಕರು ನನ್ನ ಮೇಜಿನ ಬಳಿ ಬಂದು, “ಹಳೆಯ ಸಂಚಿಕೆಗಳನ್ನೂ ಹಾಕಿಬಿಡಪ್ಪ” ಎಂದರು. ಇನ್ನೂ 40ರಷ್ಟು ಬಾಕಿ ಇವೆ, ಭಾನುವಾರಕ್ಕೊಂದರಂತೆ ಮುಗಿಸುತ್ತಿದ್ದೇನೆ.