ಹೋಟೆಲ್ ಮೆನುಗೆ ಮಸಾಲೆ ದೋಸೆ ಶೂಟ್ ಮಾಡೋದು ಹೇಗೆ
ಮೊದಲು ಟ್ಯೂಬ್‌ಲೈಟ್ ಎಲ್ಲಾ ಆರಿಸಿ ಕಿಟಕಿ ಪಕ್ಕ ಟೇಬಲ್ ಹಾಕ್ಕೊಳ್ಳಿ, ಎರಡು ಥರ ಬೆಳಕು ಬೆರೆತ್ರೆ ಚಟ್ನಿ ಬಣ್ಣನೇ ಕೆಟ್ಟೋಗುತ್ತೆ. ಬೆಳಕು ಸೈಡಿಂದ ಬರ್ಲಿ, ಎದುರುಗಡೆ, ಅಂದ್ರೆ ದೋಸೆಯ ಆಚೆ ಪಕ್ಕ, ಒಂದು ಬಿಳಿ ಥರ್ಮಾಕೋಲ್ ನಿಲ್ಸಿದ್ರೆ ನೆರಳು ತಿಳಿಯಾಗುತ್ತೆ. 50 ಎಂಎಂ ಲೆನ್ಸ್, ಅಪರ್ಚರ್ (ಬೆಳಕು ಒಳಗೆ ಬರೋ ಲೆನ್ಸಿನ ಕಿಂಡಿ) ಎಫ್ 5.6, ಟ್ರೈಪಾಡ್, ಅಷ್ಟು ಸಾಕು.

ಮುಖ್ಯವಾದ್ದು ಇದು, ಫ್ರೇಮು ಫೋಕಸ್ಸು ಎಲ್ಲಾ ಒಂದು ಆರಿದ ದೋಸೆ ಇಟ್ಟು ಸೆಟ್ ಮಾಡ್ಕೊಂಡ್ಬಿಡಿ, ಬಿಸಿದು ಬಂದ್ಮೇಲೆ ಟೈಮೇ ಇರಲ್ಲ, ನೋಡ್ತಾ ನೋಡ್ತಾ ಗರಿಗರಿ ಹೋಗಿ ಮೆತ್ತಗಾಗುತ್ತೆ, ಬೆಣ್ಣೆ ಕೊನೇಲಿ ಇಡಿ, ಅದರ ಅಂಚು ಕರಗಿ ದೋಸೆ ಮೇಲೆ ಹೊಳೆಯುತ್ತಲ್ಲ, ಆಗ್ಲೇ ಕ್ಲಿಕ್ ಮಾಡಿ. ಸ್ಟೀಲ್ ತಟ್ಟೆ ಜಾಸ್ತಿ ಮಿಂಚಿದ್ರೆ ಬಾಳೆಲೆ ಹಾಸಿ.

3-4 ದೋಸೆ ಬೇಕಾಗುತ್ತೆ ಅಂತ ಭಟ್ಟರಿಗೆ ಮೊದ್ಲೇ ಹೇಳಿಡಿ, ಅಡ್ವಾನ್ಸ್ ತಗೊಳ್ದೆ ಮಾತ್ರ ಕ್ಯಾಮೆರಾ ಹೊರಗೆ ತೆಗೀಬೇಡಿ.