ಹಪ್ಪಳ ಒಣಗ್ಸಿದಂಗ ಒಣಗ್ಸಿದ ಕೇಕ್ ಮುಚ್ಚಳ

ಗಿಫ್ಟ್ ಬಾಕ್ಸ್ ಕೇಕ್‌ದಾಗ ಡಬ್ಬಿ ಮಾಡೋದು ದೊಡ್ಡ ಮಾತಲ್ಲ ನೋಡ್ರಿ, ಚೌಕ ಟಿನ್ ಅದ, ಚಾಕಲೇಟ್ ಕ್ರೀಮ್ ಕೂಡ್ಸಿದ ಗನಾಶ್ ಹಚ್ಚಿ, ಲಟ್ಟಿಸಿದ ಸಕ್ರಿ ಹಿಟ್ಟು ಅಂದ್ರ ಫಾಂಡಂಟ್ ಹೊಚ್ಚಿದ್ರ ಆಯ್ತು. ಆದ್ರ ಆ ಡಬ್ಬಿಗಿ ಮುಚ್ಚಳ ಬೇಕಲ್ಲ, ಅದೂ ಒಂದ್ ಕಡಿ ಸ್ವಲ್ಪ ತೆರೆದಂಗ, ಒಳಗಿಂದ ಚಾಕಲೇಟ್ ಇಣುಕಿ ನೋಡ್ದಂಗ, ಅದು ನನ್ನ ನೀರ್ ಇಳಿಸ್ತು. ಎರಡ್ ಮುಚ್ಚಳ ಹಾಳಾದ ಮ್ಯಾಲ ಮೂರನೇದು ಬಂತು.

ನಾ ಕಲಬುರಗಿದಾಗ ಮನ್ಯಾಗೇ ಕೇಕ್ ಮಾಡ್ತೀನಿ, ಸೇಡಂ ರೋಡ್ ಕಡಿ ಮನಿ. ಮೇ ತಿಂಗಳದಾಗ ಬೀದರಿಂದ ಒಬ್ರು ಅಕ್ಕಾರು ಫೋನ್ ಮಾಡಿದ್ರು, ಅವರ ಅಪ್ಪ ಅವ್ವಂದು ಮದ್ವಿ ಆಗಿ 50 ವರ್ಷ ಆಗ್ತದ, ‘ಬಿದರಿ ಡಬ್ಬಿ ಇರ್ತದಲ್ರಿ, ಕರಿ ಮ್ಯಾಲ ಬೆಳ್ಳಿ ಬಳ್ಳಿ, ಹಂಗ ಮುಚ್ಚಳ ಬೇಕ್ರಿ, ಮತ್ತ ತಿನ್ಲಾಕೂ ಬರ್ಬೇಕು’ ಅಂದ್ರು. ಮೊಟ್ಟಿ ಹಾಕಂಗಿಲ್ಲ, ಜಿಲೆಟಿನ್ ಅಂತೂ ಹೆಸ್ರೇ ತೆಗೀಬ್ಯಾಡ್ರಿ, ಮನಿ ಹಿರೇರು ಪಕ್ಕಾ ಶಾಕಾಹಾರಿ. ಹೂಂ ಅಂದೆ. ಹೂಂ ಅನ್ನೋದು ನನ್ನ ಹಳೆ ಚಟ.

ಒಣಗಿ ಕಡಕ್ ಆಗೋ ಸಕ್ರಿ ಹಿಟ್ಟಿಗಿ ಗಮ್ ಪೇಸ್ಟ್ ಅಂತಾರ, ಆ ಗಮ್ ಪೇಸ್ಟ್‌ದಾಗ ಹಳೆ ಪದ್ಧತಿ ಪ್ರಕಾರ ಮೊಟ್ಟಿ ಬಿಳಿ ಇಲ್ಲಾ ಜಿಲೆಟಿನ್ ಇರ್ತದ, ಅದಕ್ಕ ನಾ ಹಸರು ಚುಕ್ಕಿ ಇರೋ ರೆಡಿ ಫಾಂಡಂಟ್ ತಗೊಂಡು ಅದಕ್ಕ ಟೈಲೋಸ್ ಪೌಡರ್ ಕಲಸ್ತೀನಿ. ಇದನ್ನೇ ಸಿಎಂಸಿ ಅಂತನೂ ಮಾರ್ತಾರ, ಗಿಡದ ನಾರಿಂದ ಮಾಡೋದು, ಪ್ರಾಣಿದು ಏನೂ ಇರಂಗಿಲ್ಲ. 250 ಗ್ರಾಂ ಫಾಂಡಂಟ್‌ಗ ಒಂದ್ ಟೀ ಚಮಚ. ಕಲಸಿದ ಕೂಡ್ಲೇ ಲಟ್ಟಸ್ಬ್ಯಾಡ್ರಿ, ಕವರ್‌ದಾಗ ಗಾಳಿ ಆಡ್ದಂಗ ಕಟ್ಟಿ ಒಂದ್ ರಾತ್ರಿ ಬಿಡ್ರಿ, ಟೈಲೋಸ್ ನೀರ್ ಹೀರ್ಕೊಂಡು ಬಿಗಿ ಆಗ್ಲಾಕ ಟೈಮ್ ಬೇಕು. 8 ಇಂಚಿನ ಕೇಕಿನ ಮುಚ್ಚಳಕ್ಕ ನನಗ ಹೆಚ್ಚು ಕಡಿಮಿ ಅರ್ಧ ಕಿಲೋ ಫಾಂಡಂಟ್ ಹಿಡೀತು, ಅಂಚು ಕತ್ತರ್ಸಿದ ಚೂರು ಸೇರಿ.

ಕರಿ ಬಣ್ಣಕ್ಕ ಬಿಳಿ ಫಾಂಡಂಟ್‌ಗ ಸೀದಾ ಕರಿ ಜೆಲ್ ಹಾಕ್ತಾ ಹೋದ್ರ ಬೂದಿ ಬಣ್ಣ ಬರ್ತದ, ಇನ್ನೂ ಹಾಕಿದ್ರ ಕಹಿ ಆಗ್ತದ, ತಿಂದೋರ ನಾಲ್ಗಿನೂ ಕರಿ. ಮೊದ್ಲ ಕೋಕೋ ಪೌಡರ್ ಕಲಸಿ ಕಂದು ಮಾಡ್ಕೋರಿ, ಆಮ್ಯಾಲ ಕರಿ ಜೆಲ್ ಸ್ವಲ್ಪೇ ಸಾಕಾಗ್ತದ. ಜೆಲ್ ಹಾಕಿದ್ರ ಮೆತ್ತಗ ಆಗ್ತದ, ಅದಕ್ಕ ಬಣ್ಣ ಮೊದ್ಲು, ಟೈಲೋಸ್ ಆಮ್ಯಾಲ.

ಇನ್ನ ಅಳತಿ. ಟಿನ್ 8 ಇಂಚ್ ಅಂತ ಮುಚ್ಚಳ 8 ಇಂಚಿಗಿ ಕತ್ತರ್ಸಿದ್ರ ಕೆಟ್ರಿ. ಗನಾಶ್ ಫಾಂಡಂಟ್ ಎಲ್ಲಾ ಸೇರಿ ನನ್ನ ಕೇಕ್ ಎಂಟೂವರಿ ಆಗಿತ್ತು. ಮತ್ತ ಒಣಗ್ತಾ ಒಣಗ್ತಾ ಮುಚ್ಚಳ ಒಂಚೂರು ಕುಗ್ತದ. ಅದಕ್ಕ ಮ್ಯಾಲಿನ ಹಲಗಿ 9 ಇಂಚ್ ಚೌಕ, 4 ಮಿಲಿಮೀಟರ್ ದಪ್ಪ ಇಟ್ಟೆ, ಅಂಚಿನ ಕೆಳಗ ಕೂಡಸ್ಲಾಕ ಒಂದೂಕಾಲ ಇಂಚ್ ಎತ್ತರದ ನಾಕ್ ಪಟ್ಟಿ. ಪಟ್ಟಿ ಕೂಡ್ಸಿದ ಮ್ಯಾಲ ಕೇಕಿಗೂ ಮುಚ್ಚಳಕ್ಕೂ ನಡುವ ಕಡ್ಡಿಪೆಟ್ಟಿಗಿ ಕಡ್ಡಿ ದಪ್ಪದಷ್ಟು ಸಂದಿ ಉಳೀಬೇಕು, ಇಲ್ಲಂದ್ರ ಇಡೋ ಮುಂದ ಕೇಕಿನ ಮೂಲಿ ಕೆತ್ತಿ ಹೋಗ್ತದ.

ಮೊದಲ್ನೇ ಮುಚ್ಚಳ ಫ್ಯಾನ್ ಕೆಳಗ ಇಟ್ಟೆ, ಬ್ಯಾಗ ಒಣಗ್ಲಿ ಅಂತ. ನಮ್ಮ ಕಡಿ ಮೇ ಅಂದ್ರ 42 ಡಿಗ್ರಿ, ಗಾಳಿ ಅಂತೂ ಬೆಂಕಿ, ಮ್ಯಾಲಿನ ಮಗ್ಗಲು ಎರಡ್ ತಾಸಿನ್ಯಾಗ ಕಡಕ್ ಆಯ್ತು, ಕೆಳಗಿನ ಮಗ್ಗಲು ಹಸೀನೇ ಇತ್ತು. ಒಣಗಿದ್ದು ಕುಗ್ತದ, ಹಸೀದು ಕುಗ್ಗಂಗಿಲ್ಲ, ಹಿಂಗಾಗಿ ನಾಕೂ ಮೂಲಿ ಮ್ಯಾಲ ಎದ್ದು ಮುಚ್ಚಳ ಹೋಗಿ ಪರಾತ ಆಯ್ತು. ಒತ್ತಿ ಸಪಾಟ್ ಮಾಡ್ಲಾಕ ಹೋದೆ, ಟಣ್ ಅಂತ ಎರಡ್ ತುಂಡು.

ಎರಡನೇದರದು ಇನ್ನೂ ಮಜಾ ಅದ. ಫ್ಯಾನ್ ಬ್ಯಾಡ ಅಂತ ಹಾಲ್‌ದಾಗ ಕೂಲರ್ ಇರೋ ಕಡಿ ಇಟ್ಟೆ, ತಣ್ಣಗ ನಿಧಾನ ಒಣಗ್ತದ ಅಂತ ನನ್ನ ತೆಲಿ. ರಾತ್ರಿ ಎಲ್ಲಾರೂ ಅಲ್ಲೇ ಮಲಗ್ತೀವಿ, ಕೂಲರ್ ಬೆಳಗಾತನ ನಡೀತು. ಮುಂಜಾನಿ ಎದ್ದು ನೋಡಿದ್ರ ಮುಚ್ಚಳ ಮುಟ್ಟಿದ್ರ ಅಂಟಂಟ, ಅಂಚು ಜೋತ್ ಬಿದ್ದಾವ. ಆವಾಗ ತಲಿಗಿ ಹೊಳೀತು, ಕೂಲರ್ ಅಂದ್ರ ಹುಲ್ಲಿನ ಪ್ಯಾಡ್ ಮ್ಯಾಲ ನೀರ್ ಬಿಟ್ಟು ಅದರೊಳಗಿಂದ ಗಾಳಿ ಎಳಿಯೋದು, ತಂಪಿನ ಜೋಡಿ ಹಸಿನೂ ಬರ್ತದ. ಸಕ್ರಿ ಅದನ್ನ ಕುಡೀತದ, ಟೈಲೋಸ್‌ನೂ ಕುಡೀತದ. ವಿಡಿಯೋದಾಗ ಎಲ್ಲಾರೂ ‘ತಂಪು ರೂಮಿನ್ಯಾಗ ಒಣಗ್ಸಿ’ ಅಂತಾರ, ಅವರಿಗಿ ಏಸಿ ಇರ್ತದ, ಏಸಿ ಹಸಿ ಎಳ್ಕೊಂತದ, ಕೂಲರ್ ಹಸಿ ಉಗುಳ್ತದ. ಕೂಲರ್ ಇರೋ ಊರಿನ್ಯಾಗ ಆ ವಿಡಿಯೋ ನೋಡಿದ್ರ ನನ್ನಂಗೇ ಆಗೋದು.

ನಮ್ಮ ಅತ್ತಿ ಎಲ್ಲಾ ನೋಡ್ಕೊಂತ ಕುಂತಿದ್ರು, ಅವರು ಬ್ಯಾಸಗಿದಾಗ ವರ್ಷಕ್ಕ ಆಗೋ ಅಷ್ಟು ಹಪ್ಪಳ ಮಾಡೋರು. ‘ಯವ್ವಾ, ಹಪ್ಪಳ ಬಿಸಲಿಗಿ ಹಾಕಿ ಹಂಗೇ ಬಿಟ್ರ ಡೊಂಕ್ ಆಗಂಗಿಲ್ಲೇನು? ಮೊದ್ಲ ನೆಳ್ಳಾಗ ಹಾಕ್ಬೇಕು, ಅರ್ಧ ಆರಿದ ಮ್ಯಾಲ ಮಗ್ಗಲ ಬದಲಿಸ್ಬೇಕು. ಇದೂ ಅದೇ ಅಲ್ಲೇನು?’ ಅಂದ್ರು. ನಾ ಎರಡ್ ವರ್ಷದಿಂದ ಆನ್‌ಲೈನ್ ಕ್ಲಾಸಿಗಿ ರೊಕ್ಕ ಕಟ್ಟೀನಿ, ಹೇಳ್ಬ್ಯಾಡ್ರಿ.

ಮೂರನೇದು ಅತ್ತಿ ಹೇಳ್ದಂಗ. ಲಟ್ಟಸೋ ಮುಂದ ಕೈಗಿ ಡಾಲ್ಡಾ ಸವರ್ಕೊಂಡೆ, ಯಾಕಂದ್ರ ನಮ್ಮ ಒಣ ಗಾಳಿಗಿ ಫಾಂಡಂಟ್ ಮ್ಯಾಲ ಆನಿ ಚರ್ಮದಂಗ ಸಣ್ಣ ಸಣ್ಣ ಬಿರುಕು ಬೀಳ್ತಾವ. ಕೆಳಗ ಕಾರ್ನ್‌ಫ್ಲೋರ್ ಉದುರ್ಸಿದೆ, ಆದ್ರ ಭಾಳ ಅಲ್ಲ, ಕರಿ ಮ್ಯಾಲ ಬಿಳಿ ಕಲಿ ಉಳೀತಾವ. ಲಟ್ಟಿಸಿ, ಕತ್ತರ್ಸೋದು ಥರ್ಮಕೋಲ್ ಮ್ಯಾಲ ಹಾಕಿದ ಬಟರ್ ಪೇಪರ್ ಮ್ಯಾಲೇ, ಕತ್ತರ್ಸಿ ಎತ್ತಿದ್ರ ಚೌಕ ಹೋಗಿ ಸೊಟ್ಟ ಆಗ್ತದ. ಹಿಂದಿನ ಖೋಲಿದಾಗ ಇಟ್ಟೆ, ಬಿಸಲಿಲ್ಲ, ಫ್ಯಾನ್ ಇಲ್ಲ, ಕೂಲರ್ ಅಂತೂ ಇಲ್ಲೇ ಇಲ್ಲ. ಆರ್ ತಾಸಿಗೊಮ್ಮಿ ಮ್ಯಾಲ ಇನ್ನೊಂದು ಥರ್ಮಕೋಲ್ ಇಟ್ಟು ಎರಡೂ ಕೂಡ್ಸಿ ಹಿಡ್ದು ಹೊಳ್ಳಿ ಹಾಕ್ದೆ, ಮುಚ್ಚಳಕ್ಕ ಬಟ್ಟು ತಾಗಸ್ಲಿಲ್ಲ. ಎರಡ್ ದಿನಕ್ಕ ಬಡಿದ್ರ ಟಕ್ ಟಕ್ ಅಂತು. ಮಳಿಗಾಲದಾಗ ಇದೇ ಕೆಲಸಕ್ಕ ನನಗ ನಾಕೈದ್ ದಿನ ಹಿಡೀತದ, ಆವಾಗ ಓವನ್‌ದಾಗ ಬರೇ ಲೈಟ್ ಹಚ್ಚಿ ಒಳಗ ಇಡ್ತೀನಿ, ಉರಿ ಇಲ್ಲ.

ಪಟ್ಟಿನೂ ಹಂಗೇ ಬ್ಯಾರೆ ಒಣಗ್ಸಿ ಆಮ್ಯಾಲ ಅಂಟಿಸ್ದೆ. ಅಂಟಿಗಿ ಎರಡ್ ದೊಡ್ಡ ಚಮಚ ನೀರಿಗಿ ಕಾಲ್ ಟೀ ಚಮಚ ಟೈಲೋಸ್, ರಾತ್ರಿ ನೆನೀಲಾಕ ಬಿಟ್ರ ಮುಂಜಾನಿ ಗೋಂದಿನಂಗ ಆಗಿರ್ತದ. ಅದಕ್ಕ ಕರಿ ಫಾಂಡಂಟ್ ಚೂರು ಕಲಸಿ ಮೆತ್ತಗ ಮಾಡಿದ್ರ ಸಂದಿ ತುಂಬ್ಲಾಕೂ ಬರ್ತದ. ಬರೇ ನೀರ್ ಹಚ್ಚಿದ್ರ ಒಣಗಿದ ಪಟ್ಟಿ ಹಿಡ್ಯಂಗಿಲ್ಲ.

ಬೆಳ್ಳಿ ಬಳ್ಳಿ ಕೂಡ್ಸೋದು ನನಗ ಎಲ್ಲಾಕ್ಕಿಂತ ಖುಷಿ ಕೊಟ್ಟ ಕೆಲಸ. ಖರೇ ಬಿದರಿಗಿ ಸತು ತಾಮ್ರ ಕೂಡ್ಸಿ ಎರಕ ಹೊಯ್ತಾರ, ಚಿತ್ತಾರ ಕೆತ್ತಿ ಬೆಳ್ಳಿ ತಂತಿ ಬಡೀತಾರ, ಕಡೀಕ ಬೀದರ ಕೋಟೆ ಮಣ್ಣು ನವಸಾಗರ ಹಾಕಿದ ನೀರಿನ್ಯಾಗ ಅದ್ದಿದ್ರ ಲೋಹ ಕರಿ ಆಗ್ತದ, ಬೆಳ್ಳಿ ಹಂಗೇ ಹೊಳೀತದ. ಅಂದ್ರ ಅಲ್ಲಿ ಕರಿ ಆಗೋದು ಕಡೀ ಕೆಲಸ, ನನ್ನಲ್ಲಿ ಮೊದಲ್ನೇದು. ಸಿಲ್ವರ್ ಡಸ್ಟ್ ಅಂದ್ರ ಬೆಳ್ಳಿ ಬಣ್ಣದ ಪುಡಿ ನೀರಿನ್ಯಾಗ ಕಲಸಿ ಬ್ರಶ್‌ಲೆ ಬರ್ದು ನೋಡ್ದೆ, ಗೆರಿ ಹರಡ್ತು, ಸಕ್ರಿ ಕರಗಿ ಕರಿನೂ ಕೂಡ್ಕೊಂಡು ಬೂದಿ ಆಯ್ತು. ಆಮ್ಯಾಲ ಹೂಬಳ್ಳಿ ಸ್ಟೆನ್ಸಿಲ್ ಇಟ್ಟು ಬೆರಳಿಲೆ ಡಾಲ್ಡಾ ತೆಳ್ಳಗ ಸವರಿ, ಸ್ಟೆನ್ಸಿಲ್ ಎತ್ತೋಕಿಂತ ಮೊದ್ಲೇ ಒಣಾ ಡಸ್ಟ್ ಬ್ರಶ್‌ಲೆ ಉದುರ್ಸಿದೆ, ಡಾಲ್ಡಾ ಇದ್ದಲ್ಲಿ ಅಷ್ಟೇ ಹಿಡೀತು. ಒಂದ್ ಮಾತು, ಡಸ್ಟ್ ಡಬ್ಬಿ ಮ್ಯಾಲ ‘ನಾನ್ ಟಾಕ್ಸಿಕ್’ ಅಂತ ಇದ್ರ ತಿನ್ಲಾಕ ಅಂತ ತಿಳ್ಕೋಬ್ಯಾಡ್ರಿ, ‘ಎಡಿಬಲ್’ ಅಂತ ಇರ್ಬೇಕು, ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತೆ ಪ್ರಾಧಿಕಾರ) ನಂಬರ್ ಇರ್ಬೇಕು.

ಕೇಕಿಗಿ ಡಾರ್ಕ್ ಗನಾಶ್ ಹಚ್ಚಿದ್ದೆ, ಬ್ಯಾಸಗಿಗಿ ಚಾಕಲೇಟ್ ಮೂರ್ ಪಾಲು ಕ್ರೀಮ್ ಒಂದ್ ಪಾಲು. ಮುಚ್ಚಳ ಹತ್ತತ್ರ 400 ಗ್ರಾಂ ಭಾರ, ಬರೇ ಕೇಕಿನ ಮ್ಯಾಲ ಇಟ್ರ ಇಳೀತದ, ಅದಕ್ಕ ಒಳಗ ದಪ್ಪ ಪೇಪರ್ ಸ್ಟ್ರಾ ನಾಕು ನಿಲ್ಲಿಸ್ದೆ.

ಬೀದರಿಗಿ ಮುಂಜಾನಿ ರೈಲಿಗಿ ಹೋದ್ವಿ, 2017ರಾಗ ಕಲಬುರಗಿ ಬೀದರ ಲೈನ್ ಚಾಲೂ ಆದಾಗಿಂದ ನನಗ ಭಾಳ ಆರಾಮ ಆಗ್ಯದ, ರೋಡಿನ ಕುಲುಕಾಟ ಇಲ್ಲ. ಕೇಕ್ ಐಸ್ ಡಬ್ಬಿದಾಗ ನಮ್ಮ ಮನಿಯವ್ರ ಹತ್ರ, ಮುಚ್ಚಳ ನನ್ನ ತೊಡಿ ಮ್ಯಾಲ ಸೀರಿ ಡಬ್ಬಿದಾಗ, ಸುತ್ತ ಸ್ಪಂಜು. ಎರಡೂ ಒಂದೇ ಡಬ್ಬಿದಾಗ ಇಡಬಾರ್ದು, ಮುಚ್ಚಳ ಫ್ರಿಜ್‌ನ್ಯಾಗಂತೂ ಇಡ್ಲೇಬಾರ್ದು, ಹೊರಗ ತೆಗೆದ ಕೂಡ್ಲೇ ಬೆವರ್ತದ. ಹುಮನಾಬಾದ್ ದಾಟೋ ತನಕ ನಾ ಡಬ್ಬಿ ತೆಗೆದು ಏಳ್ ಸಲ ನೋಡೀನಿ. ಅಕ್ಕಾರ ಮನ್ಯಾಗ ಹೋಗಿ ಒಂದ್ ಕಡಿ ಅಂಚಿಗಿ, ಇನ್ನೊಂದ್ ಕಡಿ ಒಳಗ ಒಂದಿಂಚಿನ ಫಾಂಡಂಟ್ ಗಟ್ಟಿಗಿ ಆನ್ಸಿ ಮುಚ್ಚಳ ಇಟ್ಟೆ, ಸಂದಿನ್ಯಾಗ ಚಾಕಲೇಟ್ ತುಂಬ್ದೆ. ಅಜ್ಜಾರು ಬಂದು ಬೆರಳಿಲೆ ಬಡಿದು ನೋಡಿ ‘ಇದು ಅಂಗಡಿದು ಐತಲ್ಲ, ಕೇಕ್ ಎಲ್ಲಿ?’ ಅಂದ್ರು.

ಕೇಕ್ ಅವತ್ತೇ ಖಾಲಿ, ಮುಚ್ಚಳ ಮುರೀಲಾಕ ಯಾರಿಗೂ ಮನಸ್ ಬರ್ಲಿಲ್ಲಂತ, ಶೋಕೇಸ್‌ದಾಗ ಇಟ್ರು. ಜೂನ್‌ದಾಗ ಎರಡ್ ಮಳಿ ಆದ ಮ್ಯಾಲ ಅಕ್ಕಾರು ಫೋನ್ ಮಾಡಿ ‘ತಂಗಿ, ಮುಚ್ಚಳ ನಡುವ ಬಗ್ಗಲಾಕತ್ಯದ, ಇರಿವಿನೂ ಬರ್ಲಾಕತ್ಯಾವ, ಏನ್ ಮಾಡ್ಬೇಕ್ರಿ?’ ಅಂದ್ರು. ಇರಿವಿಗೇ ಬಿಟ್ಟುಬಿಡ್ರಿ ಅಕ್ಕಾರ ಅಂದೆ.